ಸೀಬೆ ಕೊಂಬೆಯ ಮೇಲೆ ನಾನು ನೋಡದ ಹಕ್ಕಿ

ಸುಳ್ಳು ಹೇಳುವುದಕ್ಕೂ ಒಂದು ವಯಸ್ಸಿದೆ. ಅದು ದಾಟಿದ ಮೇಲೆ ಹೇಳಬಾರದು. ಚಿಕ್ಕಂದಿನಲ್ಲಿ ಹೇಳಿದ ಸುಳ್ಳನ್ನು ಯಾರಾದರೂ ಹಿಡಿಯುತ್ತಾರೆ, ಕಿವಿ ಹಿಂಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಮುದುಕಿ ಹೇಳಿದ ಸುಳ್ಳನ್ನು ಎಲ್ಲರೂ ನಂಬಿಬಿಡುತ್ತಾರೆ. ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ನಾನು ಓದಿದ್ದು ಕಂಟೋನ್ಮೆಂಟಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಕ್ಯಾಥೊಲಿಕ್ ಹುಡುಗಿಯರು ವಾರಕ್ಕೊಮ್ಮೆ ಸಾಲಾಗಿ ಚಾಪೆಲ್‌ಗೆ ಹೋಗಿ, ಮರದ ಗೂಡಿನ ಮುಂದೆ ಮಂಡಿಯೂರಿ, ಆ ವಾರದ ಪಾಪವನ್ನೆಲ್ಲ ಫಾದರ್‌ಗೆ ಒಪ್ಪಿಸಿ, ಐದೇ ನಿಮಿಷದಲ್ಲಿ ಇಸ್ತ್ರಿ ಮಾಡಿದ ಯೂನಿಫಾರ್ಮಿನ ಹಾಗೆ ಗರಿಗರಿಯಾಗಿ ಹೊರಗೆ ಬರುತ್ತಿದ್ದರು. ಆ ಹೊತ್ತಿನಲ್ಲಿ ಹಿಂದೂ, ಮುಸ್ಲಿಂ ಹುಡುಗಿಯರಾದ ನಮಗೆ ಮಾರಲ್ ಸೈನ್ಸ್ ಕ್ಲಾಸು. ಪಾಪ ಯಾಕೆ ಮಾಡಬಾರದು ಎಂದು ಕಲಿಸಿದರೇ ಹೊರತು ಮಾಡಿದ್ದನ್ನು ಎಲ್ಲಿ ಇಳಿಸಬೇಕು ಎಂದು ಯಾರೂ ಹೇಳಲಿಲ್ಲ. ಹೀಗಾಗಿ ನನ್ನವು ನನ್ನ ಹತ್ತಿರವೇ ಉಳಿದವು. ವಯಸ್ಸಿನ ದಯೆಯಿಂದ ಬಹಳಷ್ಟು ಮರೆತುಹೋಗಿವೆ. ಹೋದ ಅಕ್ಟೋಬರಿನಲ್ಲಿ ಹೇಳಿದ ಒಂದನ್ನು ಮಾತ್ರ ಮರೆಯಲು ಬಿಡುವವರಿಲ್ಲ. ಅದು ಒಂದು ಹಕ್ಕಿಯ ವಿಷಯ. ನನ್ನ ಅಂಗೈಯಷ್ಟೂ ಇಲ್ಲದ ಹಕ್ಕಿ.

ಹಕ್ಕಿಗೆ ಮೊದಲು ನೂರ್‌ಜಹಾನಳ ವಿಷಯ ಹೇಳಬೇಕು. ಅವಳಿರುವುದು ಪುಲಿಕೇಶಿನಗರದಲ್ಲಿ. ಅವಳ ಬಾಯಲ್ಲಿ ಅದು ಇವತ್ತಿಗೂ ಫ್ರೇಜರ್ ಟೌನ್. ನಾನಿರುವುದು ಅಲ್ಲಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ರಿಚರ್ಡ್ಸ್ ಟೌನಿನ ಒಂದು ಹಳೆಯ ಮನೆಯ ಹಿಂಭಾಗದ ಪೋರ್ಷನ್ನಿನಲ್ಲಿ. ಆರನೇ ಕ್ಲಾಸಿನಿಂದ ಇಬ್ಬರಿಗೂ ಒಂದೇ ಬೆಂಚು. ಲೀಲಾವತಿ ಎಂಬ ನನ್ನ ಹೆಸರು ಸಿಸ್ಟರ್‌ಗಳ ನಾಲಿಗೆಗೆ ಉದ್ದವಾಯಿತೆಂದು ಲಿಲ್ಲಿ ಆಯಿತು. ಅದೇ ಏಟಿಗೆ ನಾನು ಅವಳನ್ನು ನೂರಿ ಮಾಡಿದೆ. ಅವಳು ಬಾಟನಿ ಟೀಚರ್ ಆದಳು, ನಾನು ಒಂದು ಕಂಪನಿಯಲ್ಲಿ ಸ್ಟೆನೋ ಆದೆ. ಇಬ್ಬರೂ ರಿಟೈರ್ ಆದೆವು. ಈ ಎಲ್ಲದರ ನಡುವೆ ಒಂದು ಪದ್ಧತಿ ಮಾತ್ರ ಅಲುಗಾಡಲಿಲ್ಲ. ಭಾನುವಾರ ಬೆಳಗ್ಗೆ ಅವಳು ಬೇಕರಿಯಿಂದ ಬಿಸಿ ದಿಲ್‌ಪಸಂದ್ ಕಟ್ಟಿಸಿಕೊಂಡು ನಮ್ಮ ಮನೆಗೆ ಬರುವುದು, ನಾನು ದೋಸೆ ಹುಯ್ಯುವುದು, ಇಬ್ಬರೂ ಸೇರಿ ಬದುಕಿರುವ ಕ್ಲಾಸ್‌ಮೇಟುಗಳ ವಿಚಾರಣೆ ನಡೆಸುವುದು. ಸತ್ತವರನ್ನು ನಾವು ಏನೂ ಅನ್ನುವುದಿಲ್ಲ. ಅಷ್ಟು ಮಾರಲ್ ಸೈನ್ಸ್ ಉಳಿದಿದೆ.

ಎರಡು ವರ್ಷದ ಹಿಂದೆ ನೂರಿ ಒಂದು ಬೈನಾಕ್ಯುಲರ್ ಕೊಂಡಳು. ಅಲ್ಲಿಗೆ ನನ್ನ ಭಾನುವಾರ ಹೋಯಿತು. ಅಸೆಂಬ್ಲಿ ಬೆಲ್ ಹೊಡೆದ ಮೇಲೆ ಗೇಟಿನಲ್ಲಿ ಓಡಿಬರುತ್ತಿದ್ದ ಹುಡುಗಿ, ಎಪ್ಪತ್ತು ದಾಟಿದ ಮೇಲೆ, ಬಾತುಕೋಳಿ ನೋಡಲು ಐದು ಗಂಟೆಗೆ ಏಳತೊಡಗಿದಳು. ಇವತ್ತು ಹಲಸೂರು ಕೆರೆ, ಬರುವ ವಾರ ಕೆ.ಆರ್. ಪುರದ ಕಡೆ, ಅದರಾಚೆ ವಾರ ಸಿ.ವಿ. ರಾಮನ್ ನಗರದ ಹತ್ತಿರ ಎಲ್ಲೋ. ಫೋನ್ ಮಾಡಿದರೆ ಪಿಸುಗುಟ್ಟುತ್ತಾಳೆ: “ಆಮೇಲೆ ಮಾಡ್ತೀನಿ ಲಿಲ್ಲಿ, ಎದುರಿಗೇ ಕೂತಿದೆ.” ನನಗಿಂತ ಹೆಚ್ಚಿನ ಮರ್ಯಾದೆ ಅದಕ್ಕೆ. ನನಗೆ ಬೇಜಾರಾಗಬಾರದೆಂದು ತನ್ನ ಹಳೆಯ ಹಕ್ಕಿ ಪುಸ್ತಕವೊಂದನ್ನು ಕೊಟ್ಟಳು, ಅವರ ಫೋನಿನ ಗ್ರೂಪಿಗೂ ಸೇರಿಸಿದಳು. ಮೂವತ್ತೈದು ಜನ ದಿನವಿಡೀ ಒಂದೇ ರೆಂಬೆಯ ಮೂವತ್ತೈದು ಫೋಟೋ ಹಾಕುವ ಗ್ರೂಪು ಅದು. ಜೀವಮಾನದಲ್ಲಿ ಮೊದಲ ಸಲ ನೋಡಿದ ಹಕ್ಕಿಗೆ ಅವರು ಲೈಫರ್ ಎನ್ನುತ್ತಾರೆ. ಯಾರಿಗೆ ಎಷ್ಟು ಲೈಫರ್ ಎಂದು ಒಬ್ಬೊಬ್ಬರೂ ಪಟ್ಟಿ ಇಟ್ಟಿರುತ್ತಾರೆ. ಆ ಪಟ್ಟಿಗೆ ಸಾಕ್ಷಿ ಬೇಡ, ಸಹಿ ಬೇಡ. ನೋಡಿದೆ ಎಂದು ಹೇಳಿದವರ ಮಾತೇ ಸಾಕು. ಇಷ್ಟು ಅಮಾಯಕರು ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ ಎಂದು ನನಗೆ ಗೊತ್ತಿರಲಿಲ್ಲ.

ನೂರಿಯ ಪಟ್ಟಿಯಲ್ಲಿ ಒಂದು ಜಾಗ ಖಾಲಿ ಇತ್ತು. ಬ್ಲೂ ರಾಬಿನ್. ಬೆನ್ನು ನೀಲಿ, ಎದೆ ಕಿತ್ತಳೆ, ಕಣ್ಣಿನ ಮೇಲೆ ಬಿಳಿ ಹುಬ್ಬು. ಬೇಸಿಗೆಯೆಲ್ಲ ಹಿಮಾಲಯದಲ್ಲಿದ್ದು, ಚಳಿ ಶುರುವಾಗುವ ಮುಂಚೆ ನಮ್ಮ ಘಟ್ಟಕ್ಕೋ ಲಂಕೆಗೋ ಹೊರಡುತ್ತದಂತೆ. ದಾರಿಯಲ್ಲಿ ನಮ್ಮೂರಿನಲ್ಲಿ ನಾಲ್ಕಾರು ದಿನ ಇಳಿಯುತ್ತದೆ, ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲು ಬದಲಾಯಿಸುವ ನೆಂಟರ ಹಾಗೆ. ಹಾಡುಹಕ್ಕಿಗಳ ಜಾತಿ, ಆದರೆ ಹಾಡುವುದು ಹಿಮಾಲಯದಲ್ಲಿ ಮಾತ್ರ. ನಮ್ಮ ಮುಂದೆ ಬಾಯಿ ಬಿಡುವುದಿಲ್ಲ. ನನ್ನ ದೊಡ್ಡಮ್ಮನ ಮಗಳೊಬ್ಬಳು ಹೀಗೇ ಇದ್ದಳು, ಸಂಗೀತದಲ್ಲಿ ಸೀನಿಯರ್ ಪಾಸು, ಹಾಡು ಎಂದರೆ ಗಂಟಲು ನೋವು. ಈ ಹಕ್ಕಿ ಎಲ್ಲರಿಗೂ ಕಾಣಿಸಿಕೊಂಡಿತು, ನೂರಿಗೆ ಮಾತ್ರ ಇಲ್ಲ. ಅವಳು ಹೋಗುವ ಹಿಂದಿನ ದಿನ ಇರುತ್ತಿತ್ತು, ಅವಳು ಬಂದ ಮಾರನೇ ದಿನ ಇರುತ್ತಿತ್ತು. “ಘಟ್ಟಕ್ಕೆ ಹೋಗಿ ಹುಡುಕೋಣ ಅಂದ್ರೆ ಈ ಮಂಡಿ ಬಿಡಲ್ಲ ಕಣೇ,” ಎಂದಿದ್ದಳು ಒಮ್ಮೆ. “ಅದಾಗೇ ಊರಿಗೆ ಬಂದ್ರೆ ಉಂಟು. ಇಲ್ದಿದ್ರೆ ಬುಕ್‌ನಲ್ಲಿ ನೋಡ್ಕೊಂಡೇ ಸಾಯ್ಬೇಕು.” ಹಾಸ್ಯಕ್ಕೆ ಹೇಳಿದ್ದು. ಆದರೆ ನಗಲಿಲ್ಲ.

ಈಗ ಸೆಲ್ವಿ. ಹಲಸೂರಿನಿಂದ ಬರುತ್ತಾಳೆ, ಹದಿನೆಂಟು ವರ್ಷದಿಂದ ನಮ್ಮ ಮನೆಯ ಕೆಲಸ ಅವಳದು, ಆಡಳಿತವೂ ಅವಳದೇ. ನಮ್ಮ ಹಿತ್ತಿಲಿನಲ್ಲಿ ಒಂದು ಬಟರ್‌ಫ್ರೂಟ್ ಮರ, ಒಂದು ಸೀಬೆ ಗಿಡ, ಎರಡರ ಮಧ್ಯೆ ಪಾತ್ರೆ ತೊಳೆಯುವ ಕಲ್ಲು ಇವೆ. ಒಳಗೆ ಸಿಂಕ್ ಇದ್ದರೂ ಸೆಲ್ವಿ ಅದನ್ನು ಬಳಸುವುದಿಲ್ಲ. ನಿಂತು ತೊಳೆದರೆ ಪಾತ್ರೆ ಶುದ್ಧವಾಗುವುದಿಲ್ಲವಂತೆ. ಒಂದು ಬೆಳಗ್ಗೆ ಕಾಫಿ ಲೋಟ ಹಿಡಿದು ಅಡುಗೆಮನೆ ಮೆಟ್ಟಿಲ ಮೇಲೆ ಕೂತವಳು, “ಅಮ್ಮಾ, ನೀಲಿ ಕುರುವಿ ಒಂದು ಬಂದದೆ,” ಎಂದಳು. “ಹೊಟ್ಟೆ ಎಲ್ಲಾ ಕೇಸರಿಬಾತ್ ಕಲರು. ಇಲ್ಲಿ ಬಿಳಿ ಗೀಟು,” ಎಂದು ತನ್ನ ಹುಬ್ಬಿನ ಮೇಲೆ ಬೆರಳು ಎಳೆದು ತೋರಿಸಿದಳು. ನಾನು ಓಡಿಹೋಗಿ ನೂರಿ ಕೊಟ್ಟ ಪುಸ್ತಕ ತೆಗೆದೆ. ಒಂದೊಂದೇ ಪುಟ ತಿರುವಿದೆ. ಸೆಲ್ವಿ ಒದ್ದೆ ಬೆರಳಿನಿಂದ ಒಂದು ಚಿತ್ರವನ್ನು ಒತ್ತಿದಳು. “ಇದೇ ಗೊಣ್ಣೆ ಮೂತಿ.” ಬ್ಲೂ ರಾಬಿನ್. ಚಿತ್ರದ ಮೇಲೆ ಒದ್ದೆ ಗುರುತು ಇವತ್ತಿಗೂ ಇದೆ.

ನಾನು ಹಿತ್ತಿಲಿಗೆ ಹೋಗಿ ಕಾಲು ಗಂಟೆ ನಿಂತೆ. ಏನೂ ಕಾಣಲಿಲ್ಲ. ಒಳಗೆ ಬಂದು ಗ್ರೂಪಿನಲ್ಲಿ ಟೈಪ್ ಮಾಡಿದೆ: “ನಮ್ಮ ಮನೆಯ ಸೆಲ್ವಿ ಇಂದು ಬೆಳಗ್ಗೆ ಬ್ಲೂ ರಾಬಿನ್ ನೋಡಿದಳು.” ಕಳಿಸುವ ಮುಂಚೆ ಒಂದು ಸಲ ಓದಿದೆ. ಇದನ್ನು ಯಾರು ನಂಬುತ್ತಾರೆ? ಕೆಲಸದವಳು ಏನೋ ನೋಡಿದ್ದಾಳೆ, ಅಜ್ಜಿ ಏನೋ ಬರೆದಿದ್ದಾರೆ, ಬಹುಶಃ ದಿನಾ ಎಲ್ಲೆಲ್ಲೂ ಕಾಣುವ ಮ್ಯಾಗ್ಪೈ ಹಕ್ಕಿ ಇರಬೇಕು ಎನ್ನುತ್ತಾರೆ. ನೂರಿ ಬರುವುದಿಲ್ಲ. ಹಕ್ಕಿಗೋಸ್ಕರವಾದರೂ ನೂರಿ ನಮ್ಮ ಮನೆಗೆ ಬರಲಿ ಎಂದು ನನ್ನ ಮನಸ್ಸಿನಲ್ಲಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸೆಲ್ವಿಯ ಹೆಸರನ್ನು ಅಳಿಸಿ “ನಾನು” ಎಂದು ಹಾಕಿದೆ. ಮೂವತ್ತನಾಲ್ಕು ವರ್ಷ ನಾನು ಮಾಡಿದ್ದೇ ಅದು. ಒಬ್ಬರು ಹೇಳಿದ್ದನ್ನು ನಾನು ಬರೆಯುವುದು, ಕೆಳಗೆ ಇನ್ನೊಬ್ಬರ ಸಹಿ. ಯಾರೂ ಅದನ್ನು ಸುಳ್ಳು ಎಂದಿರಲಿಲ್ಲ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಬರೀ “ನೋಡಿದೆ” ಎಂದರೆ ಬೋಳಾಗಿ ಕಂಡಿತು. ಪುಸ್ತಕದ ಚಿತ್ರವನ್ನು ಇನ್ನೊಮ್ಮೆ ನೋಡಿ ಸೇರಿಸಿದೆ: “ಸೀಬೆ ಗಿಡದ ಕೊಂಬೆಯ ಮೇಲೆ ಕುಳಿತಿತ್ತು. ಬಹಳ ಚೆನ್ನಾಗಿ ಕಾಣಿಸಿತು.”

ಫೋನು ಟಿಂಗ್ ಟಿಂಗ್ ಎಂದು ಕುಣಿಯತೊಡಗಿತು. ಮಾರನೇ ದಿನ ಆರೂವರೆಗೆ ಗೇಟಿನಲ್ಲಿ ಎಂಟು ಜನ. ಎಲ್ಲರೂ ಸೊಪ್ಪಿನ ಬಣ್ಣದ ಬಟ್ಟೆ ಹಾಕಿಕೊಂಡು, ಕತ್ತಿನಲ್ಲಿ ದುರ್ಬೀನು ತೂಗಿಸಿಕೊಂಡು, ನಮ್ಮ ಕ್ರೋಟನ್ ಕುಂಡಗಳ ಪಕ್ಕ ನಿಂತರೆ ಯಾವುದು ಕುಂಡ, ಯಾವುದು ಜನ ಎಂದು ತಿಳಿಯುತ್ತಿರಲಿಲ್ಲ. ಮುಂದಾಳು ಡಾಕ್ಟರ್ ಮುನಿರಾಜು. ಕೆ.ಆರ್. ಪುರದ ಕಡೆಯ ಹಳೇ ಊರಿನವರು, ಇಂದಿರಾನಗರದಲ್ಲಿ ಹಲ್ಲಿನ ಕ್ಲಿನಿಕ್ಕು. ಅವರ ತಂದೆ ಸೊಪ್ಪು ಬೆಳೆಯುತ್ತಿದ್ದ ಗದ್ದೆಯ ಮೇಲೆ ಈಗ ಅಪಾರ್ಟ್‌ಮೆಂಟು ಎದ್ದಿದೆಯಂತೆ. ಅಲ್ಲಿ ಬರುತ್ತಿದ್ದ ಹಕ್ಕಿಗಳೆಲ್ಲ ಎಲ್ಲಿ ಹೋದವು ಎಂದು ಹುಡುಕುತ್ತ ಈ ಹುಚ್ಚು ಹಿಡಿಯಿತು ಎಂದು ಅವರೇ ಹೇಳುತ್ತಾರೆ. ಎಲ್ಲರ ಹಿಂದೆ ನೂರಿ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ದಿಲ್‌ಪಸಂದ್ ಪೊಟ್ಟಣ. ಎರಡು ವರ್ಷದ ಮೇಲೆ ನೋಡಿದ ಪೊಟ್ಟಣ ಅದು.

“ಮೇಡಂ, ಯಾವ್ ಕೊಂಬೆ? ಕರೆಕ್ಟಾಗ್ ತೋರ್ಸಿ,” ಎಂದರು ಡಾಕ್ಟರು.

ಎಂಟು ಜನರ ಹದಿನಾರು ಕಣ್ಣು ನನ್ನ ಬೆರಳಿನ ಮೇಲೆ. ನಾನು ಒಂದು ಕೊಂಬೆ ಆರಿಸಿದೆ. ನೆರಳಿನಲ್ಲಿರುವ, ಎಲ್ಲರೂ ಆರಾಮಾಗಿ ಕೂತು ನೋಡಬಹುದಾದ ಕೊಂಬೆ. ಸುಳ್ಳಿನಲ್ಲೂ ಅತಿಥಿಗಳ ಅನುಕೂಲ ನೋಡಬೇಕಲ್ಲ.

“ಬಾಲ ಅಲ್ಲಾಡಿಸ್ತಿತ್ತಾ ಮೇಡಂ?”

“ಒಂದ್ ಸ್ವಲ್ಪ,” ಎಂದೆ. ಅಡುಗೆಮನೆಯ ಕಿಟಕಿಯಲ್ಲಿ ಸೆಲ್ವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಮೇಲೆ ಶುರುವಾಯಿತು ಶಿಸ್ತು. ಹಕ್ಕಿಗೆ ಸದ್ದು ಆಗದು ಎಂದು ಮಿಕ್ಸಿ ನಿಂತಿತು. ಕುಕ್ಕರಿನ ವಿಷಲ್ ತೆಗೆದಿಡಲಾಯಿತು, ಅನ್ನ ಪಾತ್ರೆಯಲ್ಲಿ ಬೇಯಬೇಕು. ಎಲೆ ಗುಡಿಸುವ ಹಾಗಿಲ್ಲ. ಸೆಲ್ವಿ ಹೊರಗೆ ಬರುವ ಹಾಗಿಲ್ಲ, ಪಾತ್ರೆ ಒಳಗೇ ಸಿಂಕಿನಲ್ಲಿ. ಅತ್ಯಂತ ಕಷ್ಟದ ನಿಯಮ ನನಗೆ: ಮಾತಾಡುವ ಹಾಗಿಲ್ಲ. ನಾನು ಬಾಯಿ ತೆರೆದಾಗಲೆಲ್ಲ ಡಾಕ್ಟರು ಒಂದು ಬೆರಳೆತ್ತಿ ನನ್ನ ಬಾಯೊಳಗೇ ನೋಡುತ್ತಿದ್ದರು. ಡೆಂಟಿಸ್ಟ್ ಹಾಗೆ ನೋಡಿದರೆ ಯಾರಿಗಾದರೂ ಬಾಯಿ ತಾನಾಗಿ ಮುಚ್ಚುತ್ತದೆ. ಹೀಗೆ ಎಂಟು ಜನ ಕಣ್ಣೆವೆ ಮಿಟುಕಿಸದೆ, ನಾನು ಆರಿಸಿದ ಕೊಂಬೆಯನ್ನು ಎರಡೂವರೆ ಗಂಟೆ ನೋಡಿದರು. ಕೊಂಬೆಯ ಮೇಲೆ ಒಂದು ಅಳಿಲು ಬಂತು, ಸೀಬೇಕಾಯಿ ಕಚ್ಚಿತು, ಹುಳಿಯಾಗಿದ್ದಿರಬೇಕು, ಬಿಸಾಕಿ ಹೋಯಿತು. ಅಷ್ಟನ್ನೂ ಒಬ್ಬರು ಬರೆದುಕೊಂಡರು.

ಎರಡನೇ ದಿನ ಆರು ಜನ. ನಾನು ಟೀ ಮಾಡುತ್ತಿದ್ದಾಗ ಸೆಲ್ವಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಅಮ್ಮಾ, ನೀವು ಯಾವಾಗ ನೋಡಿದ್ರಿ ಅದನ್ನ?”

“ಸುಮ್ನಿರು ಸೆಲ್ವಿ.”

“ನಾನು ಕೇಳ್ಬಾರ್ದಾ? ನನ್ನ ಹೊರಗೆ ಬಿಡಲ್ಲ, ಕಸ ಗುಡಿಸ್ಬೇಡ ಅಂತಾರೆ, ನಿಂತ್ಕೊಂಡು ತೊಳೆದು ತೊಳೆದು ಸೊಂಟ ಹೋಯ್ತು. ಕೇಳೋದಾದ್ರೂ ಬೇಡ್ವಾ?”

“ಆಮೇಲೆ ಹೇಳ್ತೀನಿ.”

“ಬಾಲ ಆಡಿಸ್ತು ಅಂದ್ರಲ್ಲ, ಹೆಂಗೆ ಆಡಿಸ್ತು? ಹಿಂಗಾ, ಹಂಗಾ?” ಎಂದು ಸೌಟು ಅಲ್ಲಾಡಿಸಿ ತೋರಿಸಿ, ಟೀ ಟ್ರೇ ಎತ್ತಿಕೊಂಡು ಹೋದಳು. ಅವಳಿಗೆ ಕೋಪ ಬಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಖುಷಿಪಡುತ್ತಿದ್ದಳು.

ಮೂರನೇ ದಿನ ಮೂರೇ ಜನ ಬಂದರು. ಆ ಮಧ್ಯಾಹ್ನ ಗ್ರೂಪಿನಲ್ಲಿ ಯಾರೋ ಬರೆದರು, ಬಹಳ ಮರ್ಯಾದೆಯಿಂದ: “ಫೋಟೋ ಇಲ್ಲ. ಬೇರೆ ಯಾರಿಗೂ ಕಂಡಿಲ್ಲ. ವಯಸ್ಸಾದವರು, ಬೆಳಕು ಕಡಿಮೆ ಇದ್ದಾಗ ತಪ್ಪಾಗಿರಬಹುದು. ದಾಖಲೆಯಿಂದ ತೆಗೆಯೋಣವೇ?” ನನಗೆ ಒಂದು ಕ್ಷಣ ಹಾಯೆನಿಸಿತು. ತೆಗೆಯಲಿ. ಮುದುಕಿಗೆ ಕಣ್ಣು ಮಂಜು ಎಂದುಕೊಳ್ಳಲಿ. ಸುಳ್ಳುಗಾರ್ತಿ ಎನ್ನಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ. ಅಷ್ಟರಲ್ಲಿ ಕೆಳಗೆ ನೂರಿಯ ಉತ್ತರ ಬಂತು: “ಲಿಲ್ಲಿಯನ್ನು ನಾನು ಅರವತ್ತು ವರ್ಷದಿಂದ ಬಲ್ಲೆ. ಅವಳು ನೋಡಿದೆ ಎಂದರೆ ನೋಡಿದಳು. ಅವಳ ಹೆಸರು ತೆಗೆದರೆ ನನ್ನದನ್ನೂ ತೆಗೆಯಿರಿ.” ಮರದ ಗೂಡಿನ ಮುಂದೆ ಸಾಲು ನಿಲ್ಲುತ್ತಿದ್ದ ಹುಡುಗಿಯರು ನೆನಪಾದರು. ಅವರಿಗೆ ಫಾದರ್‌ನ ಮುಖ ಕಾಣದ ಹಾಗೆ ನಡುವೆ ಒಂದು ಜಾಲರಿಯಾದರೂ ಇತ್ತು.

ನಾಲ್ಕನೇ ದಿನ ನೂರಿ ಒಬ್ಬಳೇ ಬಂದಳು. ಡಾಕ್ಟರಿಗೆ ಬೆಳಗ್ಗೆಯೇ ಯಾರದೋ ದವಡೆ ಹಲ್ಲು ಕೀಳುವುದಿತ್ತು. ನಮ್ಮ ಬೆತ್ತದ ಸ್ಟೂಲಿನ ಮೇಲೆ ಕೂತು ಕೊಂಬೆಯತ್ತ ದುರ್ಬೀನು ಹಿಡಿದಳು. “ಇವತ್ತೋ ನಾಳೆಯೋ ಹೊರಟ್ಬಿಡತ್ತೆ,” ಎಂದಳು. ನಾನು ಪಕ್ಕದಲ್ಲಿ ಕೂತೆ.

“ನೂರಿ, ಒಂದ್ ಮಾತು ಹೇಳ್ಬೇಕು.”

“ಮೆತ್ತಗೆ ಹೇಳು.”

“ಆ ಹಕ್ಕೀನ ನಾನು ನೋಡಿಲ್ಲ.”

“ಇವತ್ತು ಯಾರೂ ನೋಡಿಲ್ಲ, ಚುಪ್.”

“ಇವತ್ತಲ್ಲ ಕಣೇ. ಯಾವತ್ತೂ ನೋಡಿಲ್ಲ.”

ದುರ್ಬೀನು ನಿಧಾನಕ್ಕೆ ಕೆಳಗಿಳಿಯಿತು. ನೂರಿ ನನ್ನ ಕಡೆ ತಿರುಗಲಿಲ್ಲ, ಸೀಬೆ ಗಿಡದ ಕಡೆಗೇ ನೋಡುತ್ತಿದ್ದಳು. “ಮೊದಲ್ನೇ ದಿನಾನೇ ಡೌಟ್ ಬಂತು ನಂಗೆ,” ಎಂದಳು. “ಕೊಂಬೆ ಮೇಲೆ ಅಂದೆ ನೀನು. ಇದು ನೆಲದ ಮೇಲೆ ಓಡಾಡೋ ಹಕ್ಕಿ, ಒದ್ದೆ ಎಲೆ ಕೆದಕ್ಕೊಂಡು. ಬುಕ್‌ನಲ್ಲಿ ಮಾತ್ರ ಕೊಂಬೆ ಮೇಲೆ ಕೂರ್ಸಿದ್ದಾರೆ. ಚಿತ್ರ ಬರೆಯೋನಿಗೆ ಕಾಲು ಕಾಣ್ಬೇಕಲ್ಲ.”

“ಮತ್ತೆ ಮೂರು ದಿನ ಯಾಕೆ ಕೊಂಬೆ ನೋಡ್ತಾ ಕೂತಿದ್ದೆ?”

“ನೀನು ಹೇಳಿದ್ದೆ ಅಂತ. ಬುಕ್ಕೇ ತಪ್ಪಿರ್ಬೇಕು ಅಂದ್ಕೊಂಡೆ.”

ತೆರೆದ ಬಾಯನ್ನು ನಾನು ಮುಚ್ಚಿಕೊಂಡೆ. ಡಾಕ್ಟರ್ ಮುನಿರಾಜು ಇದ್ದಿದ್ದರೆ ಮೆಚ್ಚುತ್ತಿದ್ದರು. ನೂರಿ ಊರುಗೋಲು ಎಳೆದುಕೊಂಡು ಏಳಲು ಹೊರಟಳು. “ಅಂದ್ರೆ ಹಕ್ಕಿ ಬಂದೇ ಇಲ್ಲ. ಆಯ್ತು. ದಿಲ್‌ಪಸಂದ್ ಒಳಗಿಟ್ಟಿದೀನಿ, ತಿನ್ನು,” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

“ಬಂದಿದೆ ನೂರಿ! ಸೆಲ್ವಿ ನೋಡಿದಾಳೆ. ಚಿತ್ರ ತೋರ್ಸಿದ್ದೂ ಅವಳೇ.”

ಅರ್ಧ ಎದ್ದಿದ್ದವಳು ಹಾಗೇ ಬಗ್ಗಿ ನಿಂತಳು. “ಸೆಲ್ವಿ ನೋಡಿದಾಳಾ? ಅರೆ ಕಮ್‌ಬಖ್ತ್, ಅದನ್ನ ಮೊದ್ಲು ಹೇಳಕ್ಕೇನಾಗಿತ್ತು ನಿಂಗೆ? ಸೆಲ್ವೀ! ಏ ಸೆಲ್ವೀ!” ನಾಲ್ಕು ದಿನದ ಮೌನವ್ರತ ಒಂದೇ ಕೂಗಿಗೆ ಮುಗಿಯಿತು.

ಸೆಲ್ವಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. ನಾಲ್ಕು ದಿನದಿಂದ ಕಾದಿದ್ದ ಗಳಿಗೆ ಅದು, ಅವಸರ ಮಾಡಲಿಲ್ಲ.

“ಎಲ್ಲಿ ನೋಡ್ದೆ ನೀನು?”

“ಅಲ್ಲೇ ಟೀಚರಮ್ಮ. ಕಲ್ಲಿನ ಹಿಂದೆ.”

“ಎಷ್ಟ್ ಸಲ?”

“ದಿನಾ ಬರ್ತಿತ್ತು, ಅಮ್ಮಂಗೆ ಹೇಳೋಕೆ ಮುಂಚೆ ಎರಡು ದಿನ ಬಂತು. ನಾನು ಪಾತ್ರೆ ತೊಳೀತೀನಲ್ಲ, ನೀರು ಹರಿದು ಬಟರ್‌ಫ್ರೂಟ್ ಎಲೆ ಕೆಳಗೆ ಹೋಗ್ತದೆ. ಹುಳ ಎಲ್ಲಾ ಮೇಲೆ ಬರ್ತದೆ. ಅದು ಕುಣ್ಕೊಂಡು ಬಂದು ತಿಂತದೆ. ನಂಗೂ ಅದಕ್ಕೂ ಒಂದೇ ಟೈಮ್ ಡ್ಯೂಟಿ.”

“ಈಗ ನಾಲ್ಕು ದಿನದಿಂದ ಯಾಕೆ ಬಂದಿಲ್ಲ?”

“ಹೆಂಗೆ ಬರ್ತದೆ ಟೀಚರಮ್ಮ? ನೀವೆಲ್ಲಾ ಸೇರಿ ನನ್ನ ಒಳಗೆ ಕೂಡಿ ಹಾಕಿದ್ರಿ. ನೀರು ಇಲ್ಲ, ಹುಳ ಇಲ್ಲ. ಆ ಕಡೆ ಕುರುವಿ ಊಟ ಇಲ್ದೆ ಪಟ್ಟಿನಿ, ಈ ಕಡೆ ನೀವು ಮರದ ಮೇಲೆ ನೋಡ್ತಾ ಕೂತಿದ್ದೀರಾ.”

ನೂರಿ ಮತ್ತು ನಾನು ಮುಖ ನೋಡಿಕೊಂಡೆವು. ಇಬ್ಬರ ಓದೂ ಸೇರಿದರೆ ಐದು ಸರ್ಟಿಫಿಕೇಟು ಆಗುತ್ತದೆ. “ಪಾತ್ರೆ ತಗೊಂಬಾ ಹೊರಗೆ,” ಎಂದಳು ನೂರಿ.

“ಪಾತ್ರೆ ಎಲ್ಲಾ ತೊಳ್ದು ಆಯ್ತು. ಸಿಂಕಿನಲ್ಲಿ.”

“ಮತ್ತೆ ತೊಳಿ!”

ಸೆಲ್ವಿ ಸೊಂಟದ ಮೇಲೆ ಕೈಯಿಟ್ಟಳು. “ತೊಳೀತೀನಿ. ಆದ್ರೆ ಇವತ್ತು ನಾನು ಹೇಳ್ದಂಗೆ ಎಲ್ಲಾರೂ ಕೇಳ್ಬೇಕು.”

ಕೇಳಿದೆವು. ಫಳಫಳ ಹೊಳೆಯುತ್ತಿದ್ದ ಪಾತ್ರೆಗಳನ್ನೆಲ್ಲ ನಾನೇ ಹೊತ್ತು ತಂದು ಕಲ್ಲಿನ ಹತ್ತಿರ ರಾಶಿ ಹಾಕಿದೆ. ಸೆಲ್ವಿ ನೂರಿಯನ್ನು ಅಡುಗೆಮನೆ ಮೆಟ್ಟಿಲ ಮೇಲೆ ಕೂರಿಸಿದಳು. ದುರ್ಬೀನು ಕಸಿದು ಒಳಗಿಟ್ಟಳು, “ಅಷ್ಟು ಹತ್ರಕ್ಕೆ ಅದು ಯಾಕೆ?” ನನಗೆ ಪಾತ್ರೆ ಗಲಬರಿಸುವ ಕೆಲಸ. ಗಿಡ್ಡ ಮಣೆಯ ಮೇಲೆ, ಗೋಡೆಯ ಕಡೆ ಮುಖ ಮಾಡಿ. ದಿನಾ ಇಲ್ಲಿ ಒಬ್ಬರು ಕೂತು ಬಗ್ಗಿರುವುದನ್ನು ನೋಡಿ ಹಕ್ಕಿಗೆ ಅಭ್ಯಾಸವಂತೆ. ತಿರುಗಿ ನೋಡುವವರನ್ನು ಕಂಡರೆ ಹೆದರುತ್ತದಂತೆ. “ಅಮ್ಮಾ, ನೀವು ಮಾತ್ರ ತಿರುಗ್ಬೇಡಿ,” ಎಂದಳು. ದನಿಯಲ್ಲಿ ಪ್ರೀತಿ ಇತ್ತೋ ಸೇಡು ಇತ್ತೋ ಈಗಲೂ ಹೇಳಲಾರೆ. ಸೆಲ್ವಿ ತಪ್ಪಲೆಯನ್ನು ಕಲ್ಲಿಗೆ ಕುಟ್ಟಿದಳು, ನಾರು ಹಾಕಿ ಪರಪರ ಉಜ್ಜಿದಳು, ಮಗನ ಅತ್ತೆಮನೆಯವರನ್ನು ಬಾಯಿ ತುಂಬ ಬೈದಳು. ನೀರು ಕಲ್ಲಿನಿಂದಿಳಿದು ಎಲೆಗಳ ಕೆಳಗೆ ನುಗ್ಗಿತು.

ಐದು ನಿಮಿಷವೋ ಹತ್ತು ನಿಮಿಷವೋ. ನನ್ನ ಬೆನ್ನ ಹಿಂದೆ ಒಣ ಎಲೆಯ ಸಣ್ಣ ಸದ್ದಾಯಿತು. ನಿಂತಿತು. ಮತ್ತೆ ಆಯಿತು, ಇನ್ನೂ ಹತ್ತಿರ. ಸೆಲ್ವಿ ಬೈಯುವುದನ್ನು ನಿಲ್ಲಿಸಲಿಲ್ಲ, ದನಿ ಮಾತ್ರ ಇಳಿಸಿದಳು. ಮೆಟ್ಟಿಲ ಕಡೆಯಿಂದ ಉಸಿರು ಒಳಗೆಳೆದುಕೊಂಡ ಸದ್ದು ಕೇಳಿಸಿತು. ಆ ಉಸಿರು ಬಹಳ ಹೊತ್ತು ಹೊರಗೆ ಬರಲಿಲ್ಲ. ನನ್ನ ಕೈಯಲ್ಲಿ ಒಂದು ತಟ್ಟೆ ಇತ್ತು. ಅದನ್ನು ನಾನು ಗಲಬರಿಸಿದೆ, ಮತ್ತೆ ಗಲಬರಿಸಿದೆ, ಅದೇ ತಟ್ಟೆಯನ್ನು. ಎದುರಿಗೆ ಗೋಡೆಯ ಮೇಲೆ ಪಾಚಿ ಇತ್ತು. ಆ ಪಾಚಿಯ ಒಂದೊಂದು ಎಳೆಯೂ ಈಗ ನನಗೆ ಬಾಯಿಪಾಠ.

ಎಲೆಗಳು ಸುಮ್ಮನಾದ ಮೇಲೆ ತಿರುಗಿದೆ. ನೂರಿ ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡು ಕೂತಿದ್ದಳು. ಕನ್ನಡಕದ ಕೆಳಗೆ ನೀರಿಳಿದು ಮೂಗಿನ ತುದಿಗೆ ಬಂದಿತ್ತು, ಒರೆಸಿಕೊಂಡಿರಲಿಲ್ಲ. “ನನ್ನ ಚಪ್ಪಲಿ ತನಕ ಬಂತು, ಲಿಲ್ಲಿ,” ಎಂದಳು. “ಚಪ್ಪಲಿ ತನಕ.” ಆಮೇಲೆ ಸೆಲ್ವಿಯ ಒದ್ದೆ ಕೈ ಹಿಡಿದು ಏನೋ ಹೇಳಹೊರಟು, ಅವಳಿಗೆ ಬರುವ ನಾಲ್ಕು ಭಾಷೆಯಲ್ಲಿ ಯಾವುದೂ ಒದಗದೆ ಬಿಟ್ಟುಬಿಟ್ಟಳು.

ಅಂದು ಹನ್ನೊಂದು ಗಂಟೆಗೆ ನೂರಿ ನನ್ನ ಫೋನನ್ನು ನನ್ನ ಕೈಗಿಟ್ಟು, “ಬರ್ಕೋ,” ಎಂದಳು. ಡಿಕ್ಟೇಷನ್. “ಬ್ಲೂ ರಾಬಿನ್ ಮೊದಲು ನೋಡಿದವರು ಶ್ರೀಮತಿ ಸೆಲ್ವಿ. ನಾನು ನೋಡಿರಲಿಲ್ಲ, ನೋಡಿದೆನೆಂದು ಬರೆದದ್ದು ತಪ್ಪು. ಕೊಂಬೆ ನನ್ನ ಕಲ್ಪನೆ.” ಕೊನೆಯ ವಾಕ್ಯ ಬೇಕಿರಲಿಲ್ಲ ಎಂದೆ. “ಹೆಚ್ಚು ಮಾತಾಡಿದ್ರೆ ಅಳಿಲಿನ ವಿಷಯಾನೂ ಸೇರಿಸ್ತೀನಿ,” ಎಂದಳು. ಸಹಿ ಮಾತ್ರ ಈ ಸಲ ನನ್ನದೇ. ಗ್ರೂಪಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಡಾಕ್ಟರು ಮಾತ್ರ ಒಂದು ಹಲ್ಲಿನ ಚಿತ್ರ ಕಳಿಸಿದರು, ನಗುತ್ತಿರುವ ಹಲ್ಲು. ಮರುದಿನ ಆರೂವರೆಗೆ ಎಲ್ಲರೂ ಮತ್ತೆ ಬಂದರು. ಸೆಲ್ವಿ ಅವರನ್ನು ಎತ್ತರದ ಪ್ರಕಾರ ಅಡುಗೆಮನೆಯೊಳಗೆ ನಿಲ್ಲಿಸಿ, “ಡಾಕ್ಟ್ರೇ, ಕ್ಯಾಮರಾ ಟಕ್ ಟಕ್ ಅನ್ನಿಸ್ಬೇಡಿ,” ಎಂದು ಬೆರಳೆತ್ತಿದಳು. ಎಲ್ಲರೂ ನೋಡಿದರು. ಅಷ್ಟು ಜನಕ್ಕೆ ಟೀ ಆಗಬೇಕಿತ್ತು, ಹಾಲು ಸಾಲದೆ ನಾನು ಅಂಗಡಿಗೆ ಹೋಗಿದ್ದೆ. ಅದರ ಮಾರನೇ ದಿನ ಹಕ್ಕಿ ಇರಲಿಲ್ಲ. ಘಟ್ಟದ ದಾರಿ ಹಿಡಿದಿತ್ತು.

ಈಗ ನನ್ನ ಭಾನುವಾರ ವಾಪಸು ಬಂದಿದೆ, ಆದರೆ ರೂಪ ಬೇರೆ. ಡಾಕ್ಟರ ಕಾರು ಆರು ಗಂಟೆಗೆ ಹಲಸೂರಿಗೆ ಹೋಗಿ ಸೆಲ್ವಿಯನ್ನು ಹತ್ತಿಸಿಕೊಂಡು, ಫ್ರೇಜರ್ ಟೌನಿನಲ್ಲಿ ನೂರಿಯನ್ನು ಹತ್ತಿಸಿಕೊಂಡು, ಯಾವುದೋ ಕೆರೆಗೆ ಹೋಗುತ್ತದೆ. ಸೆಲ್ವಿಯ ಪಟ್ಟಿಯಲ್ಲಿ ಆಗಲೇ ನಲವತ್ತಕ್ಕೆ ಮೇಲಾಯಿತಂತೆ. ದುರ್ಬೀನು ಬೇಡ ಎನ್ನುತ್ತಾಳಂತೆ. ಒಂಬತ್ತೂವರೆಗೆ ಇಬ್ಬರೂ ಹಸಿದು ನಮ್ಮ ಮನೆಗೆ ಬರುತ್ತಾರೆ, ಪಟ್ಟಿ ಓದುತ್ತಾರೆ, ದೋಸೆ ಎಲ್ಲಿ ಎನ್ನುತ್ತಾರೆ. ಭಾನುವಾರದ ಪಾತ್ರೆ ನನ್ನ ಪಾಲಿಗೆ. ಹೊರಗೆ ಕಲ್ಲಿನ ಮೇಲೆಯೇ ತೊಳೆಯುತ್ತೇನೆ, ಅರ್ಧ ತಿರುಗಿ ಕೂತು. ಗುಬ್ಬಿಯೂ ಬರುವುದಿಲ್ಲ. ಆದರೂ ನಾನೂ ಗ್ರೂಪಿನವಳು, ಏನೂ ಕಾಣದಿದ್ದರೆ ಏನೂ ಕಾಣಲಿಲ್ಲ ಎಂದು ಬರೆಯುವುದೂ ಒಂದು ಶಾಸ್ತ್ರೀಯ ದಾಖಲೆ ಎಂದು ಡಾಕ್ಟರು ಹೇಳಿದ್ದರು. ಕಳೆದ ಭಾನುವಾರ ಧೈರ್ಯ ಮಾಡಿ, ನನ್ನ ಕಳೆದುಹೋದ ಮಾನಕ್ಕೆ ಮೊದಲ ಕಂತು ಎಂದುಕೊಂಡು, ಬರೆದೆ: “ಇಂದು ಬೆಳಗ್ಗೆ ಏಳರಿಂದ ಎಂಟರವರೆಗೆ ಹಿತ್ತಿಲಿನಲ್ಲಿ ಕಾದೆ. ಏನೂ ಕಾಣಲಿಲ್ಲ.” ಓದಿ ನನಗೇ ಸಂತೋಷವಾಯಿತು. ಇಷ್ಟು ಅಪ್ಪಟ ವಾಕ್ಯವನ್ನು ನಾನು ಬಹಳ ವರ್ಷಗಳಿಂದ ಬರೆದಿರಲಿಲ್ಲ.

ಒಂದು ನಿಮಿಷಕ್ಕೆ ಸೆಲ್ವಿಯ ಉತ್ತರ ಬಂತು. ಅವಳೂ ಈಗ ಗ್ರೂಪಿನಲ್ಲಿದ್ದಾಳೆ, ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾಳೆ. ಕೆರೆಯ ಗಾಳಿಯ ಸದ್ದಿನ ನಡುವೆ, ಮೂವತ್ತೈದು ಜನಕ್ಕೂ ಕೇಳುವ ಹಾಗೆ: “ಅಮ್ಮಾ, ಏಳು ಗಂಟೆಗೆ ನೀವೆಲ್ಲಿ ಎದ್ದಿದ್ರಿ? ಏಳೂವರೆಗೆ ನಾನೇ ಅಲ್ವಾ ಫೋನ್ ಮಾಡಿ ಎಬ್ಬಿಸಿದ್ದು, ಗ್ಯಾಸ್‌ನವರು ಬರ್ತಾರೆ ಅಂತ?”